ಅಂಗಳಕ್ಕೆ ಬಂದ ನೆರೆಹೊರೆಯವರು



ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಮಕ್ಕಳಿಬ್ಬರೂ ದೂರದ ಊರುಗಳಲ್ಲಿ ನೆಲೆಸಿದ್ದಾರಂತೆ. ಪತಿ ಲಿಂಗೈಕ್ಯರಾಗಿ ವರ್ಷ ತುಂಬಿದೆಯಂತೆ. "ಪೂಜೆ, ಅಡುಗೆ, ಓದು ಇವೆಲ್ಲ ಮುಗಿದ ಮೇಲೂ ಹಗಲು ಬೆಟ್ಟದಂತೆ ನಿಂತಿರುತ್ತದೆ, ಏನು ಮಾಡಲಿ?" ಎಂದು ಕೇಳಿದ್ದಾರೆ. ಇಂತಹ ಪ್ರಶ್ನೆಗೆ ಉಪದೇಶದ ಮಾತು ಹೇಳುವುದು ಸುಲಭ. ಆದರೆ ಆ ಬೆಟ್ಟವನ್ನು ನಾನೂ ಏರಿ ಇಳಿದವಳಾದ್ದರಿಂದ ಉಪದೇಶವನ್ನು ಬದಿಗಿಟ್ಟು ನನ್ನ ಅನುಭವವನ್ನೇ ಈ ತಿಂಗಳು ನಿಮ್ಮ ಮುಂದಿಡುತ್ತೇನೆ.

ನಮ್ಮ ಯಜಮಾನರು ಲಿಂಗೈಕ್ಯರಾದದ್ದು 2016ರಲ್ಲಿ. ಮರುವರ್ಷ ನನ್ನ ಮಗನಿಗೆ ಧಾರವಾಡದಿಂದ ದಕ್ಷಿಣ ಕನ್ನಡದ ಪುತ್ತೂರಿಗೆ ವರ್ಗವಾಯಿತು. ಪಟ್ಟಣದಲ್ಲಿ ಅನುಕೂಲವಾದ ಮನೆ ದೊರೆಯದೆ ಪುತ್ತೂರಿನಿಂದ ಪಾಣಾಜೆಗೆ ಹೋಗುವ ಮಾರ್ಗದಲ್ಲಿರುವ ಬೆಟ್ಟಂಪಾಡಿಯಲ್ಲಿ ಬಾಡಿಗೆಯ ಮನೆಯೊಂದನ್ನು ಹಿಡಿದನು. "ಒಬ್ಬಳೇ ಇರಬೇಡ, ನಡೆ" ಎಂದು ನನ್ನನ್ನೂ ಕರೆದುಕೊಂಡು ಹೋದನು. ಅಲ್ಲಿಂದ ಇನ್ನಷ್ಟು ಮುಂದೆ ಹೋದರೆ ಕೇರಳದ ಕಾಸರಗೋಡು ಜಿಲ್ಲೆ ಆರಂಭವಾಗುತ್ತದೆ. ಗುಡ್ಡದ ಇಳಿಜಾರಿನಲ್ಲಿ ಗೇರು ಮತ್ತು ರಬ್ಬರು, ತಗ್ಗಿನಲ್ಲಿ ಅಡಿಕೆ ತೋಟ, ಅಡಿಕೆಗೆ ಹಬ್ಬಿದ ಕರಿಮೆಣಸು, ನಡುವೆ ಒಂದೊಂದೇ ಮನೆ. ಎರೆಭೂಮಿಯ ಬಯಲನ್ನು ಕಂಡು ಬೆಳೆದ ನನ್ನ ಕಣ್ಣಿಗೆ ಎತ್ತ ನೋಡಿದರೂ ಹಸಿರು ಗೋಡೆಯೇ ಕಾಣುತ್ತಿತ್ತು.

ನಾವು ಹೋದದ್ದು ಜೂನ್ ತಿಂಗಳಿನಲ್ಲಿ. ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ. ಮಗ, ಸೊಸೆ ಕೆಲಸಕ್ಕೆ ಹೊರಟರೆ, ಮೊಮ್ಮಗ ಶಾಲೆಗೆ ಹೋದರೆ, ಮನೆಯಲ್ಲಿ ಉಳಿಯುವವರು ನಾನು ಮತ್ತು ಮಳೆ. ನೆರೆಯವರು ಸಜ್ಜನರು. ನನ್ನೊಡನೆ ಕನ್ನಡದಲ್ಲಿಯೇ ಮಾತನಾಡುತ್ತಿದ್ದರು. ಆದರೆ ಅವರವರೊಳಗೆ ತುಳು ಆರಂಭವಾದರೆ ನಾನು ಸುಮ್ಮನೆ ನಗುತ್ತ ಕುಳಿತಿರಬೇಕಾಗುತ್ತಿತ್ತು. ಧಾರವಾಡದಲ್ಲಿ ಯಜಮಾನರಿಲ್ಲದ ಮನೆಯಲ್ಲಿ ಅವರ ಕುರ್ಚಿಯಾದರೂ ಇತ್ತು. ಇಲ್ಲಿ ಅದೂ ಇರಲಿಲ್ಲ.

ಆ ದಿನಗಳಲ್ಲಿ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ, ತೋಟದ ಕಡೆಯಿಂದ ಯಾರೋ ಹುಡುಗನು ಶಿಳ್ಳೆ ಹಾಕುವುದು ಕೇಳುತ್ತಿತ್ತು. ರಾಗವೂ ಪೂರ್ತಿಯಲ್ಲ, ಆರಂಭಿಸುವುದು, ಅರ್ಧಕ್ಕೆ ಮರೆತಂತೆ ನಿಲ್ಲಿಸುವುದು, ಮತ್ತೆ ಬೇರೆಲ್ಲಿಂದಲೋ ಆರಂಭಿಸುವುದು. ನಾನು ಪೂಜೆಗೆ ಕುಳಿತಾಗಲೇ ಇದು ನಡೆಯುತ್ತಿತ್ತು. "ಯಾರ ಮನೆಯ ಉಡಾಳ ಹುಡುಗನೋ, ಮಳೆಯಲ್ಲಿ ನೆನೆಯುತ್ತ ಶಿಳ್ಳೆ ಹೊಡೆಯುತ್ತಾನೆ" ಎಂದು ಮನಸ್ಸಿನಲ್ಲಿಯೇ ಬೈದುಕೊಳ್ಳುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಏಳನೆಯ ತರಗತಿಯ ಹುಡುಗಿ ಹಾಲು ಕೊಡಲು ಬಂದಾಗ ಕೇಳಿಯೇ ಬಿಟ್ಟೆ. ಆಕೆ ಬಿದ್ದುಬಿದ್ದು ನಕ್ಕಳು. "ಅಜ್ಜಿ, ಅದು ಹುಡುಗ ಅಲ್ಲ, ಹಕ್ಕಿ!" ಎಂದು ನನ್ನ ಕೈ ಹಿಡಿದು ತೋಡಿನ ಬಳಿಗೆ ಕರೆದೊಯ್ದಳು. ಬಂಡೆಯ ಮೇಲೆ ಕಪ್ಪು ಮಿಶ್ರಿತ ಕಡುನೀಲಿ ಬಣ್ಣದ ಪಕ್ಷಿಯೊಂದು ಕುಳಿತಿತ್ತು. ಹಣೆಯ ಮೇಲೆ ಮತ್ತು ಭುಜದಲ್ಲಿ ಹೊಳೆಯುವ ನೀಲಿ. ಅದೇ ಸಿಳ್ಳಾರ. ಪಶ್ಚಿಮ ಘಟ್ಟದ ತೊರೆಗಳ ಬದಿಯಲ್ಲಿ ಬಾಳುವ ಈ ಹಕ್ಕಿಗೆ ಆಂಗ್ಲರು 'ಶಿಳ್ಳೆ ಹಾಕುವ ಶಾಲಾ ಬಾಲಕ' ಎಂದೇ ಹೆಸರಿಟ್ಟಿದ್ದರೆಂದು ಆಮೇಲೆ ತಿಳಿದೆ. ನನ್ನಂತೆಯೇ ಮೋಸಹೋದವರು ನನಗಿಂತ ಮುಂಚೆಯೂ ಇದ್ದರೆಂದು ಸಮಾಧಾನವಾಯಿತು.

ಎಷ್ಟೋ ತಿಂಗಳ ನಂತರ ಆ ದಿನ ನಾನು ನಕ್ಕೆನೆಂದು ಸೊಸೆ ಹೇಳಿದಳು. ನನಗೆ ಅದು ಅರಿವಿಗೇ ಬಂದಿರಲಿಲ್ಲ.

ಅಲ್ಲಿಂದ ಆ ಹುಡುಗಿ ನನ್ನ ಗುರುವಾದಳು. ಗುರುವಿಗೆ ವಯಸ್ಸಿನ ನಿರ್ಬಂಧವಿಲ್ಲವಷ್ಟೆ! ಮೊದಲು ಕಿವಿಯಿಂದ ಕಲಿಯಬೇಕೆಂಬುದು ಆಕೆಯ ಮೊದಲ ಪಾಠ. ಆ ದಟ್ಟವಾದ ತೋಟಗಳಲ್ಲಿ ಹಕ್ಕಿ ಕಾಣುವುದಕ್ಕಿಂತ ಮೊದಲು ಕೇಳುತ್ತದೆ. 'ಕುಟ್ರೂ ಕುಟ್ರೂ' ಎಂದು ಹಗಲೆಲ್ಲ ಕೂಗುವುದು ಕುಟುರ ಹಕ್ಕಿ. ಎಲೆಯ ಬಣ್ಣವೇ ಮೈಬಣ್ಣವಾದ್ದರಿಂದ ಕಣ್ಣೆದುರಿಗೇ ಇದ್ದರೂ ಕಾಣಿಸುವುದಿಲ್ಲ. 'ಹೂಪ್ ಹೂಪ್' ಎಂದು ಆಳವಾದ ಗಂಟಲಿನಲ್ಲಿ ಕೂಗುತ್ತ ಪೊದೆಯ ಬುಡದಲ್ಲಿ ಗಾಂಭೀರ್ಯದಿಂದ ನಡೆಯುವುದು ಕೆಂಬೂತ. ಯಾರೋ ಗಹಗಹಿಸಿ ನಕ್ಕಂತೆ ಕೇಳಿದರೆ ಅದು ಮಂಗಟ್ಟೆ. ಎಲ್ಲ ಹಕ್ಕಿಗಳ ಕೂಗೂ ಒಂದೇ ಕೊಂಬೆಯಿಂದ ಕೇಳಿದರೆ ಅಲ್ಲಿ ಭೀಮರಾಜನಿದ್ದಾನೆಂದು ತಿಳಿಯಬೇಕು. ಬಾಲದ ತುದಿಗೆ ಎರಡು ಉದ್ದನೆಯ ತಂತಿ ಕಟ್ಟಿಕೊಂಡ ಈ ಕರಿಯ ಹಕ್ಕಿ ಅನುಕರಣೆಯಲ್ಲಿ ಪ್ರವೀಣ. ಬೆರಳುದ್ದದ ಸಿಂಪಿಗ ಹಕ್ಕಿಯು ಎಲೆಯ ಅಂಚಿಗೆ ತೂತು ಮಾಡಿ, ಜೇಡರ ನೂಲು ಮತ್ತು ಗಿಡದ ಹತ್ತಿಯಿಂದ ಹೊಲಿದು ಗೂಡು ಮಾಡುವುದನ್ನು ನಿಂಬೆಯ ಗಿಡದಲ್ಲಿ ಕಂಡಾಗ, ಐವತ್ತು ವರ್ಷ ಹೊಲಿಗೆ ಮಾಡಿದ ನನಗೆ ನಾಚಿಕೆಯಾಯಿತು.

ಮೊಮ್ಮಗನ ಹಳೆಯ ನೋಟುಪುಸ್ತಕವೊಂದನ್ನು ತೆಗೆದುಕೊಂಡು ದಿನಾಂಕ, ಹೊತ್ತು, ಕಂಡ ಹಕ್ಕಿ, ಅದು ಮಾಡುತ್ತಿದ್ದ ಕೆಲಸ ಇಷ್ಟನ್ನು ಬರೆಯತೊಡಗಿದೆ. ಹೆಸರು ತಿಳಿಯದಿದ್ದರೆ 'ಕೊಕ್ಕು ಕೆಂಪು, ಬಾಲ ಮೋಟು' ಎಂದು ಗುರುತು ಹಾಕುತ್ತಿದ್ದೆ. ಪೂಜೆ ಮುಗಿಸಿ ಜಗುಲಿಯಲ್ಲಿ ಅರ್ಧ ತಾಸು, ಸಂಜೆ ಅರ್ಧ ತಾಸು. ಇದಕ್ಕಾಗಿ ಬೆಳಿಗ್ಗೆ ಬೇಗ ಏಳುವ ಮನಸ್ಸಾಗುತ್ತಿತ್ತು. ದುಃಖವು ಹೋಯಿತೆಂದು ನಾನು ಹೇಳುವುದಿಲ್ಲ. ಅದು ಇದ್ದ ಮನೆಯಲ್ಲಿಯೇ ಬೇರೆಯವರೂ ಬಂದು ಇರತೊಡಗಿದರು, ಅಷ್ಟೆ.

ಅದೇ ವರ್ಷ ಅಕ್ಟೋಬರ್ ತಿಂಗಳ ಒಂದು ರಾತ್ರಿ ಜಗುಲಿಯ ದೀಪಕ್ಕೆ ಹಕ್ಕಿಯೊಂದು ಹಾರಿಬಂದು ಗೋಡೆಯ ಮೂಲೆಯಲ್ಲಿ ಕುಸಿದು ಕುಳಿತಿತು. ಹಸಿರು ಬೆನ್ನು, ನೀಲಿಯ ರೆಕ್ಕೆಪಟ್ಟಿ, ಕಣ್ಣಿನ ಮೇಲೆ ಕಾಡಿಗೆ ಎಳೆದಂತಹ ಕಪ್ಪು ರೇಖೆ, ಬಾಲದ ಕೆಳಗೆ ಕುಂಕುಮದ ಕೆಂಪು. ಮಗನು ಫೋನಿನಲ್ಲಿ ಚಿತ್ರಗಳನ್ನು ಹುಡುಕಿ 'ನವರಂಗ' ಎಂದನು. ಹಿಮಾಲಯದ ತಪ್ಪಲಿನಲ್ಲಿಯೂ ಮಧ್ಯಭಾರತದ ಕಾಡುಗಳಲ್ಲಿಯೂ ಮರಿಮಾಡಿ, ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುವ ಪಕ್ಷಿ ಇದು. ರಾತ್ರಿಯೇ ಪ್ರಯಾಣ ಮಾಡುವುದರಿಂದ, ಬಳಲಿದ ನವರಂಗಗಳು ದೀಪಕ್ಕೆ ಮರುಳಾಗಿ ಹೀಗೆ ಮನೆಗಳೊಳಗೆ ಬಂದುಬಿಡುವುದು ಪ್ರತಿವರ್ಷ ಎಲ್ಲಿಯಾದರೂ ನಡೆಯುತ್ತದೆಯಂತೆ. ನೀರು ಕುಡಿಸಲು ಹೋಗದೆ, ಮುಟ್ಟಿಮುಟ್ಟಿ ನೋಡದೆ, ಗಾಳಿಯಾಡುವಂತೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆಯಲ್ಲಿಟ್ಟು, ಬೆಳಕು ಹರಿದೊಡನೆ ತೋಟದ ಅಂಚಿನಲ್ಲಿ ತೆರೆದೆವು. ಒಂದು ಕ್ಷಣ ಕುಳಿತು, ಮೋಟು ಬಾಲವನ್ನು ಎರಡು ಬಾರಿ ಕುಣಿಸಿ, ತರಗೆಲೆಗಳ ಮೇಲೆ ಕುಪ್ಪಳಿಸುತ್ತ ಮರೆಯಾಯಿತು. ಆ ಚಳಿಗಾಲವೆಲ್ಲ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಅದರ ಎರಡು ಸ್ವರದ ಕೂಗು ಕೇಳುತ್ತಿತ್ತು. ಅದೇ ಹಕ್ಕಿಯೋ ಬೇರೆಯದೋ ಬಲ್ಲವರಾರು? ನಾನು ಮಾತ್ರ ನಮ್ಮದೇ ಎಂದುಕೊಂಡೆ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ.

ನಮ್ಮ ಮನೆಯ ಹಿಂಭಾಗದಲ್ಲಿ, ಯಜಮಾನರ ದನದ ಕೊಟ್ಟಿಗೆಗೆ ಹತ್ತಿರವಾಗಿ, ಸಿಡಿಲು ಬಡಿದು ತಲೆ ಹೋದ ತೆಂಗಿನ ಮರವೊಂದು ಬೋಳಾಗಿ ನಿಂತಿತ್ತು. 2018ರ ಏಪ್ರಿಲ್ ಮೊದಲ ವಾರದಲ್ಲಿ ಅದರ ಬುಡದಲ್ಲಿ ಮರದ ಪುಡಿ, ಚಕ್ಕೆ ಬಿದ್ದಿರುವುದನ್ನು ಕಂಡೆ. ತಲೆಯೆತ್ತಿದರೆ ಮೇಲೆ ದುಂಡನೆಯ ತೂತು. ಸ್ವಲ್ಪ ಹೊತ್ತಿಗೆ ಬೆನ್ನಿನ ಮೇಲೆ ಬಂಗಾರ ಬಳಿದಂತಹ ಮರಕುಟಿಗ ಬಂದು ಕಾಂಡಕ್ಕೆ ಅಂಟಿಕೊಂಡಿತು. ಗಂಡಿಗೆ ನೆತ್ತಿಯೆಲ್ಲ ಕೆಂಪು ಜುಟ್ಟು. ಹೆಣ್ಣಿಗೆ ಹಣೆಯ ಭಾಗ ಕಪ್ಪು, ಅದರ ಮೇಲೆ ಬಿಳಿಯ ಚುಕ್ಕಿ. ಎರಡೂ ಸರದಿಯ ಮೇಲೆ ಒಳಹೋಗಿ ಹೊರಬರುತ್ತಿದ್ದವು. ನನ್ನ ಪುಸ್ತಕದಲ್ಲಿ ಅವುಗಳಿಗೆಂದೇ ಒಂದು ಪುಟ ತೆರೆದೆ.

ಏಪ್ರಿಲ್ ಕೊನೆಯಲ್ಲಿ ಮನೆಯ ಯಜಮಾನರು ಇಬ್ಬರು ಆಳುಗಳೊಡನೆ ಹಗ್ಗ, ಗರಗಸ ಹಿಡಿದು ಬಂದರು. ಮಳೆಗಾಲಕ್ಕೆ ಮುನ್ನ ಬೋಳು ಮರ ಕಡಿಯಬೇಕು, ಗಾಳಿಗೆ ಬಿದ್ದರೆ ಕೊಟ್ಟಿಗೆ ಮುರಿಯುತ್ತದೆ, ದನಗಳ ಪ್ರಾಣಕ್ಕೆ ಅಪಾಯ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ಎದೆ ಹೊಡೆದುಕೊಳ್ಳತೊಡಗಿತು. ಹಿಂದಿನ ದಿನವಷ್ಟೇ ತೂತಿನೊಳಗಿಂದ ಮರಿಗಳ ಕಿರಿಚು ಸದ್ದು ಕೇಳಿದ್ದೆ. "ಅಮ್ಮ, ನಾವು ಬಾಡಿಗೆಗೆ ಇರುವವರು. ಅವರ ಮರ, ಅವರ ಕೊಟ್ಟಿಗೆ. ನಾವು ಹೇಳುವಂತಹದಲ್ಲ" ಎಂದು ಮಗನು ಒಳಗೆ ಕರೆದು ಮೆಲ್ಲನೆ ಹೇಳಿದನು. ಅವನ ಮಾತಿನಲ್ಲಿಯೂ ತಪ್ಪಿರಲಿಲ್ಲ.

ಆದರೂ ನಾನು ಹೊರಗೆ ಬಂದೆ. "ಅಣ್ಣಾ, ಒಂದು ಇಪ್ಪತ್ತು ದಿನ ತಡೆಯಲು ಸಾಧ್ಯವೇ? ಒಳಗೆ ಮರಿಗಳಿವೆ" ಎಂದೆ. ನೋಟುಪುಸ್ತಕವನ್ನೂ ತೋರಿಸಿದೆ. ಮೊಟ್ಟೆಯೊಡೆದ ಮರಿಗಳು ಗೂಡು ಬಿಡಲು ಸುಮಾರು ಇಪ್ಪತ್ತು ದಿನ ಬೇಕೆಂದು ಮಗನು ಹುಡುಕಿಕೊಟ್ಟದ್ದನ್ನು ಅದರಲ್ಲಿ ಬರೆದಿದ್ದೆ. ಆಳುಗಳು ನಕ್ಕರು. ಅವರು ನಗಲಿಲ್ಲ. ಜಗುಲಿಯಲ್ಲಿ ಕುಳಿತು ನೀರು ಬೆಲ್ಲ ತೆಗೆದುಕೊಂಡು ಒಂದು ಸಂಗತಿ ಹೇಳಿದರು.

ಅವರ ಅಕ್ಕನನ್ನು ಕೊಟ್ಟ ಮನೆ ಗಡಿಯಾಚೆ, ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಸಮೀಪ. ಅಲ್ಲಿನ ಸರ್ಕಾರಿ ಒಡೆತನದ ಗೇರು ತೋಟಗಳ ಮೇಲೆ, ಟೀ ಸೊಳ್ಳೆಯೆಂಬ ಕೀಟದ ನಿವಾರಣೆಗಾಗಿ, 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷವನ್ನು ಸಿಂಪಡಿಸಲಾಗುತ್ತಿತ್ತೆಂಬುದು ನಾಡಿಗೇ ತಿಳಿದಿರುವ ವಿಷಯ. ಎಣ್ಮಕಜೆ ಪಂಚಾಯತಿನ ಪಡ್ರೆಯಂತಹ ಗ್ರಾಮಗಳಲ್ಲಿ ಮಕ್ಕಳು ಅಂಗವೈಕಲ್ಯದಿಂದ ನರಳಿದ ಕಥೆಯನ್ನು ನೀವೂ ಪತ್ರಿಕೆಗಳಲ್ಲಿ ಓದಿರಬಹುದು. ನಮ್ಮ ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತಲಿನ ಹಳ್ಳಿಗಳೂ ಇದರಿಂದ ಹೊರತಾಗಿರಲಿಲ್ಲ. ಕೊನೆಗೆ 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳಿಗೆ ತಡೆಯಾಜ್ಞೆ ನೀಡಿತು.

"ಮನುಷ್ಯರಿಗೆ ಏನಾಯಿತೆಂದು ತಿಳಿಯಲು ವರ್ಷಗಟ್ಟಲೆ ಬೇಕಾಯಿತು" ಎಂದರು ಆ ಹಿರಿಯರು. "ಆದರೆ ಅಕ್ಕ ಮೊದಲೇ ಹೇಳಿದ್ದಳು. ಜೇನುಪೆಟ್ಟಿಗೆ ಖಾಲಿಯಾಯಿತು, ಬೆಳಿಗ್ಗೆ ಹಕ್ಕಿಯ ಸದ್ದು ಕಡಿಮೆಯಾಯಿತು, ನನಗೆ ಹೆದರಿಕೆಯಾಗುತ್ತದೆ ಎಂದು. ನಾವು ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ. ಹೆಂಗಸರ ಮಾತು ಎಂದೆವು." ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ನಿಂತು, ಆಳುಗಳಿಗೆ ತುಳುವಿನಲ್ಲಿ ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ. ಆದರೆ ಅವರು ಗರಗಸವನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊರಟದ್ದು ಅರ್ಥವಾಯಿತು. ಅಂದಿನ ರಾತ್ರಿಯೇ ದನಗಳನ್ನು ಕೊಟ್ಟಿಗೆಯ ಆಚೆಯ ತುದಿಗೆ ಕಟ್ಟಿಸಿದರು.

ಆ ಇಪ್ಪತ್ತು ದಿನ ನನಗೆ ನಿದ್ರೆ ಸರಿಯಾಗಿ ಬರಲಿಲ್ಲ. ಮೇ ತಿಂಗಳ ಸಂಜೆಗಳಲ್ಲಿ ಗುಡುಗು, ಗಾಳಿ ಎದ್ದಾಗಲೆಲ್ಲ ಮರ ಬಿದ್ದರೆ ಹೊಣೆ ಯಾರದೆಂದು ಹೆದರುತ್ತಿದ್ದೆ. ನನ್ನ ಸಂತೋಷಕ್ಕಾಗಿ ಮತ್ತೊಬ್ಬರ ದನಗಳನ್ನು ಅಪಾಯಕ್ಕೆ ಒಡ್ಡಿದೆನೇ ಎಂದು ಎಷ್ಟೋ ಬಾರಿ ನನ್ನನ್ನೇ ಕೇಳಿಕೊಂಡೆ. ದೇವರ ದಯದಿಂದ ಅಂತಹದೇನೂ ಆಗಲಿಲ್ಲ. ಮೇ 17ರ ಬೆಳಿಗ್ಗೆ ಮೊದಲ ಮರಿ ತೂತಿನಿಂದ ಹೊರಗೆ ಇಣುಕಿ, ಹಿಂಜರಿದು, ಮತ್ತೆ ಇಣುಕಿ, ಕೊನೆಗೆ ಹಲಸಿನ ಮರಕ್ಕೆ ಹಾರಿತು. ಮರುದಿನ ಎರಡನೆಯದೂ ಹೋಯಿತು. ಮತ್ತೆರಡು ದಿನ ಕಾದು, ಗೂಡು ಬರಿದಾಗಿದೆಯೆಂದು ನಿಶ್ಚಯಿಸಿಕೊಂಡು ನಾನೇ ಯಜಮಾನರಿಗೆ ಹೇಳಿ ಕಳುಹಿಸಿದೆ. ಮರ ಕಡಿದರು. ಗೂಡಿದ್ದ ಮೂರು ಮೊಳದ ತುಂಡನ್ನು ಮಾತ್ರ ಒಲೆಗೆ ಹಾಕದೆ, ಮೇಲೆ ಒಂದು ಹೆಂಚಿನ ತುಂಡು ಮುಚ್ಚಿ, ಹಲಸಿನ ಮರದ ಕವಲಿಗೆ ಹಗ್ಗದಿಂದ ಕಟ್ಟಿಸಿದರು. ಅದು ಅವರದೇ ಆಲೋಚನೆ.

2019ರಲ್ಲಿ ಅದರಲ್ಲಿ ಇರುವೆ ಬಿಟ್ಟರೆ ಯಾರೂ ಬರಲಿಲ್ಲ. 2020ರ ಏಪ್ರಿಲ್‌ನಲ್ಲಿ, ರೋಗದ ಭಯದಿಂದ ದೇಶವೇ ಮನೆಯೊಳಗೆ ಕುಳಿತಿದ್ದಾಗ, ಮಡಿವಾಳ ಹಕ್ಕಿಯ ಜೋಡಿ ಅದರಲ್ಲಿ ಗೂಡು ಹೂಡಿತು. ಆಗತಾನೆ ಒಗೆದು ಹಾಕಿದಂತಹ ಅಚ್ಚಬಿಳುಪು ಮತ್ತು ಕಪ್ಪಿನ ಈ ಹಕ್ಕಿಯನ್ನು ಕಂಡಾಗಲೆಲ್ಲ ನನಗೆ ನಮ್ಮ ಮಡಿವಾಳ ಮಾಚಿದೇವರ ನೆನಪು. ನಸುಕಿನಲ್ಲಿ ಗಂಡು ಹಕ್ಕಿ ಹಲಸಿನ ತುದಿಯಲ್ಲಿ ಕುಳಿತು ಹಾಡಲಾರಂಭಿಸಿದರೆ ಕೈಯ ಕೆಲಸ ತಾನೇ ನಿಲ್ಲುತ್ತಿತ್ತು. ಮನೆಯ ಯಜಮಾನರು ಪ್ರತಿದಿನ ಒಮ್ಮೆ ಬೇಲಿಯಾಚೆಯಿಂದ "ಹೇಗಿದ್ದಾರೆ ನಮ್ಮ ಬಾಡಿಗೆಯವರು?" ಎಂದು ಕೇಳಿ ಹೋಗುತ್ತಿದ್ದರು. ಅದು ನಮ್ಮನ್ನು ಕುರಿತ ಪ್ರಶ್ನೆಯಲ್ಲ!

ಬಂಧುಗಳೇ, ಇದು ಹೊಸದೇನೂ ಅಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ತಲೆತಲಾಂತರದಿಂದ ಊರ ನಡುವಿನ ಹುಣಸೆ, ಆಲದ ಮರಗಳ ಮೇಲೆಯೇ ಮರಿಮಾಡುತ್ತ ಬಂದಿವೆ. ಮನೆಯ ಹೆಣ್ಣುಮಗಳು ಬಾಣಂತನಕ್ಕೆ ತವರಿಗೆ ಬಂದಂತೆ ಅಲ್ಲಿನ ಜನ ಅವುಗಳನ್ನು ಭಾವಿಸುತ್ತಾರೆ. ಮರದ ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಆ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಪ್ರೇರಣೆಯಿಂದ 1940ರಲ್ಲಿಯೇ ರಂಗನತಿಟ್ಟು ಪಕ್ಷಿಧಾಮವಾಯಿತು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದಲ್ಲಿದ್ದುಕೊಂಡೇ ಹಕ್ಕಿಗಳ ಚಿತ್ರ ತೆಗೆದು, 'ಕನ್ನಡ ನಾಡಿನ ಹಕ್ಕಿಗಳು' ಎಂಬ ಪುಸ್ತಕವನ್ನು ನಮ್ಮ ಕೈಗಿತ್ತರು. ನಮ್ಮ ರಾಜ್ಯಪಕ್ಷಿಯ ಹೆಸರು ನೀಲಕಂಠ. ಅದನ್ನು ಕಂಡರೆ ಶಿವನ ನೆನಪಾಗದವರುಂಟೇ? ಅಕ್ಕ ಮಹಾದೇವಿಯು ತನ್ನ ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಕೇಳಿದ್ದೂ ಕಾಡಿನ ಪಕ್ಷಿಗಳನ್ನೇ ಅಲ್ಲವೇ?

ಈಗ ಪತ್ರ ಬರೆದ ಸಹೋದರಿಗೆ ಕೆಲವು ಮಾತು. ಇದಕ್ಕೆ ಬೆಟ್ಟಂಪಾಡಿಯ ಕಾಡು ಬೇಕಿಲ್ಲ. ನಾನೀಗ ಧಾರವಾಡಕ್ಕೆ ಮರಳಿದ್ದೇನೆ. ಇಲ್ಲಿಯ ಅಂಗಳದಲ್ಲಿಯೂ ಗೊರವಂಕ, ಪಿಕಳಾರ, ಸೂರಕ್ಕಿ, ಗುಂಪುಕಟ್ಟಿ ಗದ್ದಲ ಮಾಡುವ ಹರಟೆಮಲ್ಲಗಳು ಬರುತ್ತವೆ. ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರಿಡಿರಿ. ದಿನವೂ ತೊಳೆದು ಹೊಸ ನೀರು ಹಾಕಿರಿ; ಇಲ್ಲವಾದರೆ ಸೊಳ್ಳೆಯೂ ರೋಗವೂ ಬರುತ್ತವೆ. ಬೆಕ್ಕು ಅಡಗಿ ಕುಳಿತುಕೊಳ್ಳುವ ಪೊದೆಯಿಂದ ತಟ್ಟೆ ದೂರವಿರಲಿ. ಉಪ್ಪು, ಎಣ್ಣೆ ಬೆರೆತ ತಿನಿಸು ಹಾಕಬೇಡಿರಿ. ಅದಕ್ಕಿಂತ ದಾಸವಾಳ, ಪೇರಲ, ನುಗ್ಗೆಯಂತಹ ಗಿಡವೊಂದನ್ನು ನೆಡುವುದು ಮೇಲು. ಹಕ್ಕಿ ತನ್ನ ಊಟವನ್ನು ತಾನೇ ಹುಡುಕಿಕೊಳ್ಳುತ್ತದೆ. ಗೂಡು ಕಂಡರೆ ದೂರದಿಂದಲೇ ನೋಡಿರಿ. ಪದೇ ಪದೇ ಹತ್ತಿರ ಹೋದರೆ ತಾಯಿಹಕ್ಕಿ ಬೆದರೀತು, ಕಾಗೆಗೂ ಗೂಡಿನ ಗುರುತು ಸಿಕ್ಕೀತು. ಮೊಮ್ಮಕ್ಕಳು ಬಂದಾಗ ಒಂದು ನೋಟುಪುಸ್ತಕ ಅವರ ಕೈಗೂ ಕೊಡಿರಿ.

ಮಕ್ಕಳ ಸಂತೋಷಕ್ಕೆಂದು ಗಿಳಿಯನ್ನು ತಂದು ಪಂಜರದಲ್ಲಿಡುವ ಪದ್ಧತಿ ನಮ್ಮ ಕೆಲವು ಮನೆಗಳಲ್ಲಿ ಇನ್ನೂ ಇದೆ. ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಕಾಯಿದೆಯ ಮಾತು ಹಾಗಿರಲಿ. ಪಂಜರದ ಗಿಳಿ ನಾವು ಕಲಿಸಿದ್ದನ್ನು ಮಾತ್ರ ನುಡಿಯುತ್ತದೆ. ಬೇಲಿಯ ಮೇಲಿನ ಹಕ್ಕಿ ನಮಗೆ ತಿಳಿಯದ್ದನ್ನು ತಿಳಿಸುತ್ತದೆ.

ನನ್ನ ನೋಟುಪುಸ್ತಕಗಳು ಈಗ ಏಳಾಗಿವೆ. ಬೆಟ್ಟಂಪಾಡಿಯ ಆ ಹುಡುಗಿ ಕಾಲೇಜು ಸೇರಿದ್ದಾಳೆ. ಮಳೆ ಹಿಡಿದ ಕೂಡಲೆ ಫೋನು ಮಾಡಿ, ಮಾತಾಡದೆ ಫೋನನ್ನು ತೋಡಿನ ಕಡೆಗೆ ಹಿಡಿಯುತ್ತಾಳೆ. ಆಚೆಯಿಂದ ಸಿಳ್ಳಾರ ತನ್ನ ಅರ್ಧ ಮರೆತ ರಾಗವನ್ನು ಆರಂಭಿಸುತ್ತದೆ. ಯಜಮಾನರ ಕುರ್ಚಿಯನ್ನು ನಾನು ಒಳಗಿನಿಂದ ಜಗುಲಿಗೆ ತಂದು ಹಾಕಿದ್ದೇನೆ. ಬೆಳಿಗ್ಗೆ ಅದರ ಮೇಲೆ ಕುಳಿತೇ ಕೇಳುತ್ತೇನೆ.

ಸಹೋದರಿ, ನಾಳೆ ಬೆಳಿಗ್ಗೆ ಅರ್ಧ ತಾಸು ಹೊರಗೆ ಕುಳಿತು ನೋಡಿರಿ. ಮೊದಲು ಯಾರು ಬಂದರೆಂದು ನನಗೆ ಬರೆಯಿರಿ.

ಶರಣು.